ಗಣಿ ಡಂಪ್ ಮೇಲೆ ಹಸಿರು ಅಳೆಯೋದು ಹೇಗೆ: ಕ್ವಾಡ್ರಾಟ್ ನೋಟ್ಸ್

ಸಂಡೂರು ಕಡೆ ಹಳೇ ಗಣಿ ಡಂಪ್ (ಗಣಿಯಿಂದ ತೆಗೆದು ಸುರಿದ ಬೇಡದ ಮಣ್ಣು-ಕಲ್ಲಿನ ಗುಡ್ಡ) ನೋಡಿದೋರಿಗೆ ಗೊತ್ತಿರುತ್ತೆ, ಮಳೆಗಾಲದಲ್ಲಿ ದೂರದಿಂದ ಎಲ್ಲಾ ಹಸಿರೇ, ಏಪ್ರಿಲ್‌ನಲ್ಲಿ ಹೋದ್ರೆ ಬರೀ ಕೆಂಪು ಮಣ್ಣು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಸಿದ್ಮೇಲೆ ಲೀಸ್‌ಗಳನ್ನ ಅಕ್ರಮ ಎಷ್ಟಿದೆ ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿದ್ರು, ಎ ಬಿ ಮತ್ತೆ ಶುರುವಾಗೋಕೆ ಪುನಶ್ಚೇತನ ಪ್ಲಾನ್ ಬೇಕೇ ಬೇಕು ಅಂತಾಯ್ತು. ಸರಿ, ಗಿಡ ನೆಟ್ಟಾಯ್ತು ಅಂತಿಟ್ಕೊಳ್ಳಿ, ಜಾಗ ಸುಧಾರಿಸಿದ್ಯಾ ಅಂತ ಹೇಳೋದ್ಹೇಗೆ? ಇಡೀ ಗುಡ್ಡ ಎಣಿಸೋಕಾಗಲ್ಲ, ಅದಕ್ಕೇ ಸ್ಯಾಂಪ್ಲಿಂಗ್: ಅಲ್ಲಲ್ಲಿ ಅಳತೆಯ ಚೌಕ (ಅದೇ ಕ್ವಾಡ್ರಾಟ್) ಹಾಕಿ ಅದರೊಳಗಿನ ಗಿಡ ಮಾತ್ರ ಎಣಿಸೋದು.

ಮೊದ್ಲು ಡಂಪನ್ನ ಭಾಗ ಮಾಡ್ಕೊಳ್ಳಿ: ಮೇಲಿನ ಸಮತಟ್ಟು, ಇಳಿಜಾರು, ಬುಡ. ಇಳಿಜಾರಿನ ಮಣ್ಣು ಬೀಜ ಎಲ್ಲಾ ಮಳೆ ನೀರು ಕೊಚ್ಕೊಂಡು ಬಂದು ಬುಡದಲ್ಲಿ ಬಿಡುತ್ತೆ, ಹಾಗಾಗಿ ಬುಡದಲ್ಲಿ ಮಾತ್ರ ಚೌಕ ಹಾಕಿದ್ರೆ ಕಾಡೇ ಬಂದ್ಬಿಟ್ಟಿದೆ ಅನ್ಸುತ್ತೆ. ಪ್ರತಿ ಭಾಗಕ್ಕೂ ಪಾಯಿಂಟ್‌ಗಳನ್ನ ಮನೇಲೇ ಮ್ಯಾಪ್ ಮೇಲೆ ರ‍್ಯಾಂಡಮ್ ಆಗಿ ಎತ್ಕೊಂಡು ಜಿಪಿಎಸ್‌ಗೆ ಹಾಕ್ಕೊಂಡು ಹೋಗಿ, ಅಲ್ಲಿ ನಿಂತು ಆರಿಸ್ಬೇಡಿ. ನಾನು ಮೊದಲ ಸಲ ಮುಳ್ಳಿಗೆ ಹೆದರಿ ಎರಡೇ ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ, ಅಷ್ಟಕ್ಕೇ ಲಂಟಾನ ಪೂರ್ತಿ ಲೆಕ್ಕದಿಂದ ತಪ್ಪಿಸ್ಕೊಂಡ್ತು!

ಚೌಕದ ಅಳತೆ ಸಾಮಾನ್ಯವಾಗಿ ಮರಕ್ಕೆ 10×10 ಮೀಟರ್, ಅದರೊಳಗೆ ಪೊದೆಗೆ 5×5, ಹುಲ್ಲು ಸಣ್ಣ ಗಿಡಕ್ಕೆ 1×1.

ಈಗ ಎಲ್ರೂ ಗೊಂದಲ ಮಾಡ್ಕೊಳ್ಳೋ ಜಾಗ. 20 ಚೌಕ ಹಾಕಿದ್ವಿ, ಬಂದರಿಕೆ ಅನ್ನೋ ಪೊದೆಗಿಡ 5ರಲ್ಲಿ ಸಿಕ್ತು, ಒಟ್ಟು 40 ಗಿಡ. ಫ್ರೀಕ್ವೆನ್ಸಿ 5/20, ಅಂದ್ರೆ 25%. ಡೆನ್ಸಿಟಿ 40/20, ಚೌಕಕ್ಕೆ 2. ಅಬಂಡನ್ಸ್ ಅಂದ್ರೆ ಸಿಕ್ಕ ಚೌಕಗಳಿಂದ ಮಾತ್ರ ಭಾಗಿಸೋದು, 40/5 = 8. ಡೆನ್ಸಿಟಿ ಒಂದನ್ನೇ ನೋಡಿದ್ರೆ ಎಲ್ಲಾ ಕಡೆ ಎರಡೆರಡು ಇದೆ ಅನ್ಸುತ್ತೆ, ನಿಜಕ್ಕೂ ನಾಲ್ಕರಲ್ಲಿ ಮೂರು ಚೌಕ ಖಾಲಿ, ಗಿಡ ಗುಂಪುಗುಂಪಾಗಿದೆ.

ಎಷ್ಟು ಚೌಕ ಸಾಕು? ಮೊದ್ಲು ಒಂದಷ್ಟು ಹಾಕಿ ನೋಡಿ. ಹಸಿರು ಹೊದಿಕೆ (ಚೌಕದ ನೆಲದಲ್ಲಿ ಗಿಡ ಮುಚ್ಚಿರೋ ಪಾಲು) ಸರಾಸರಿ 40%, ಸ್ಟ್ಯಾಂಡರ್ಡ್ ಡೀವಿಯೇಶನ್ (ಚೌಕದಿಂದ ಚೌಕಕ್ಕೆ ಎಷ್ಟು ಏರುಪೇರು ಅನ್ನೋ ಅಳತೆ) 16 ಬಂತು ಅನ್ಕೊಳ್ಳಿ. ಸರಾಸರಿಯ 10% ಒಳಗೆ, ಅಂದ್ರೆ 4 ಆಚೀಚೆ, 90% ವಿಶ್ವಾಸ ಬೇಕಂದ್ರೆ (1.645×16÷4)ರ ವರ್ಗ (1.645 ಅನ್ನೋದು 90% ವಿಶ್ವಾಸಕ್ಕೆ ಬಳಸೋ ಸಂಖ್ಯೆ), ಸುಮಾರು 43.3, ಅಂದ್ರೆ 44 ಚೌಕ. 20% ಆಚೀಚೆ ಆದ್ರೂ ಪರ್ವಾಗಿಲ್ಲ ಅಂದ್ರೆ 11ಕ್ಕೇ ಮುಗೀತು. ಬಿಸಿಲಲ್ಲಿ ನಿಂತಾಗ 11 ಎಷ್ಟು ಚೆಂದ ಕಾಣುತ್ತೆ ಅಂತ ಹೋದೋರಿಗೇ ಗೊತ್ತು.

ಬಂದ ನಂಬರನ್ನ ಯಾವುದಕ್ಕೆ ಹೋಲಿಸ್ಬೇಕು? ಗಣಿ ಮುಟ್ಟದ ಪಕ್ಕದ ಗುಡ್ಡಕ್ಕೆ, ಅದೇ ತಿಂಗಳಲ್ಲಿ, ಅದೇ ವಿಧಾನದಲ್ಲಿ. ಅಮೆರಿಕದ ಕಲ್ಲಿದ್ದಲು ಗಣಿಗಳಿಗೆ 1977ರ ಕಾನೂನಿದೆ, ಅದರ ನಿಯಮಗಳಲ್ಲಿ ಹೊದಿಕೆ ಗುರಿಯ 90% ಆದ್ರೂ ಮುಟ್ಟಿರ್ಬೇಕು ಅಂತಿದೆ, ವರ್ಷಕ್ಕೆ 26 ಇಂಚಿಗಿಂತ ಜಾಸ್ತಿ ಮಳೆ ಬೀಳೋ ಕಡೆ 5 ವರ್ಷ, ಉಳಿದ ಕಡೆ 10 ವರ್ಷ ಕಂಪನಿದೇ ಹೊಣೆ. ಆದ್ರೆ ಹೊದಿಕೆ ಒಂದೇ ನಂಬೋಕಾಗಲ್ಲ ಅಂತ ನನ್ನ ಅಭಿಪ್ರಾಯ, ಪಾರ್ಥೇನಿಯಂ ಕೂಡ ಹಸಿರೇ ತಾನೇ. ಅದಕ್ಕೆ ಶೀಟ್‌ನಲ್ಲಿ ನೆಟ್ಟಿದ್ದು, ತಾನಾಗೇ ಹುಟ್ಟಿದ್ದು ಅಂತ ಎರಡು ಕಾಲಂ ಇಡಿ. ಸಾಲಾಗಿ ಮರ ಇದ್ದು ಕೆಳಗೆ 1×1ರಲ್ಲಿ ಒಂದೂ ಸಸಿ ಇಲ್ಲ ಅಂದ್ರೆ ಅದು ಇನ್ನೂ ತೋಪು, ಕಾಡಲ್ಲ.

ಮುಂದಿನ ವರ್ಷ ಅದೇ ಚೌಕಕ್ಕೆ ವಾಪಸ್ ಬರೋಕೆ ಮೂಲೆಗೆ ಗುರುತು ಬೇಕು. ಕಬ್ಬಿಣದ ರಾಡ್ ನೆಡ್ಬೇಡಿ, ಗುಜರಿಗೆ ಹೋಗುತ್ತೆ. ಕಲ್ಲಿಗೆ ಪೇಂಟ್ ಬಳೀರಿ.