ಮಾತೃಕೆಗೆ ಹೆಸರು ಬಂದದ್ದು ತಡವಾಗಿ

ಕೊಡಗಿನ ಕಾಫಿ ವ್ಯಾಪಾರದಲ್ಲಿ ಔಟ್‌ಟರ್ನ್ ಎಂಬ ಮಾತು ದಿನಾ ಕಿವಿಗೆ ಬೀಳುತ್ತದೆ. 50 ಕಿಲೋ ಚೀಲದ ಸಿಪ್ಪೆ ತೆಗೆಸಿದರೆ ಎಷ್ಟು ಕಿಲೋ ಬೀಜ ಸಿಕ್ಕೀತು ಎಂಬ ಲೆಕ್ಕ ಅದು. ತಿರುಳು ತೆಗೆದು ಒಣಗಿಸಿದ, ತೆಳು ಸಿಪ್ಪೆಯ ಪಾರ್ಚ್‌ಮೆಂಟಿಗೆ ಹೆಚ್ಚು, ಹಣ್ಣನ್ನು ಹಾಗೇ ಒಣಗಿಸಿದ, ದಪ್ಪ ಸಿಪ್ಪೆಯ ಚೆರ್ರಿಗೆ ಕಡಿಮೆ. ಬೀಜದ ಒಟ್ಟು ತೂಕವನ್ನಷ್ಟೇ ಬರೆದ ಎರಡು ಚೀಟಿ ಕೈಯಲ್ಲಿವೆ ಎಂದುಕೊಳ್ಳೋಣ. ಒಂದರಲ್ಲಿ 3 ಚೀಲ ಪಾರ್ಚ್‌ಮೆಂಟ್, 2 ಚೀಲ ಚೆರ್ರಿ, ಒಟ್ಟು 172 ಕಿಲೋ. ಇನ್ನೊಂದರಲ್ಲಿ 1 ಪಾರ್ಚ್‌ಮೆಂಟ್, 4 ಚೆರ್ರಿ, 144 ಕಿಲೋ. ಒಂದೊಂದರ ಔಟ್‌ಟರ್ನ್ ಎಷ್ಟು?

ಚೀಲಗಳ ಸಂಖ್ಯೆಯನ್ನಷ್ಟೇ ಎತ್ತಿ ಮೇಲಿನ ಅಡ್ಡಸಾಲಿನಲ್ಲಿ 3, 2, ಕೆಳಗಿನದರಲ್ಲಿ 1, 4 ಎಂದು ಬರೆದರೆ ಅದೇ 2×2 ಮಾತೃಕೆ, ಅಂದರೆ ಮ್ಯಾಟ್ರಿಕ್ಸ್. ಕೆಳಗಿನ ಸಾಲನ್ನು ಅದರ ಒಟ್ಟು ತೂಕದ ಸಮೇತ 3ರಿಂದ ಗುಣಿಸಿ, ಮೇಲಿನದನ್ನು ಕಳೆಯಿರಿ. ಪಾರ್ಚ್‌ಮೆಂಟ್ ಮಾಯವಾಗಿ 10 ಚೀಲ ಚೆರ್ರಿಗೆ 260 ಕಿಲೋ ಉಳಿಯುತ್ತದೆ. ಚೀಲಕ್ಕೆ 26. ಇದನ್ನು ಎರಡನೇ ಚೀಟಿಗೆ ಹಾಕಿದರೆ ಪಾರ್ಚ್‌ಮೆಂಟ್ 40.

ಈ ಕ್ರಮಕ್ಕೆ ಸುಮಾರು 2000 ವರ್ಷ ವಯಸ್ಸು. ಚೀನಾದ ‘ಗಣಿತದ ಒಂಬತ್ತು ಅಧ್ಯಾಯಗಳು’ ಗ್ರಂಥದ ಎಂಟನೇ ಅಧ್ಯಾಯದ ಮೊದಲ ಲೆಕ್ಕವೂ ಧಾನ್ಯದ್ದೇ: ಮೂರು ದರ್ಜೆಯ ಕಟ್ಟುಗಳು, ಮೂರು ಒಟ್ಟು ಮೊತ್ತಗಳು. ಅಲ್ಲಿ ಕಾಗದದ ಮೇಲೆ ಬರೆಯುತ್ತಿರಲಿಲ್ಲ, ಎಣಿಕೆ ಕಡ್ಡಿಗಳನ್ನು ಕಂಬಸಾಲುಗಳಲ್ಲಿ ಜೋಡಿಸಿ ಗುಣಿಸುತ್ತಾ ಕಳೆಯುತ್ತಾ ಹೋಗುತ್ತಿದ್ದರು. ಕಳೆಯುವಾಗ ಸೊನ್ನೆಗಿಂತ ಕೆಳಗಿಳಿದರೆ? 263ರಲ್ಲಿ ವ್ಯಾಖ್ಯಾನ ಬರೆದ ಲಿಯು ಹುಯಿ ಧನ ಸಂಖ್ಯೆಗೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎನ್ನುತ್ತಾನೆ.

ಮುಂದಿನ ಚರಿತ್ರೆ ನಮ್ಮ ಪಿಯುಸಿ ಪುಸ್ತಕದ ಕ್ರಮಕ್ಕೆ ತಿರುಗುಮುರುಗು. ಪುಸ್ತಕದಲ್ಲಿ ಮೊದಲು ಮಾತೃಕೆ, ಆಮೇಲೆ ನಿರ್ಧಾರಕ, ಅಂದರೆ ಚೌಕದಲ್ಲಿ ಜೋಡಿಸಿದ ಸಂಖ್ಯೆಗಳನ್ನು ಗುಣಿಸಿ, ಕೂಡಿ, ಕಳೆದು ಪಡೆಯುವ ಒಂದೇ ಸಂಖ್ಯೆ (ಡಿಟರ್ಮಿನೆಂಟ್). ಚರಿತ್ರೆಯಲ್ಲಿ ನಿರ್ಧಾರಕವೇ ಹಿರಿಯ. ಜಪಾನಿನ ಸೆಕಿ ತಕಾಕಾಝು 1683ರಲ್ಲಿ, ಜರ್ಮನಿಯ ಲೈಬ್‌ನಿಟ್ಸ್ 1693ರಲ್ಲಿ, ಒಬ್ಬರಿಗೊಬ್ಬರು ತಿಳಿಯದೆ ಅದನ್ನು ಮುಟ್ಟಿದ್ದರು. 1750ರಲ್ಲಿ, ನಿರ್ಧಾರಕಗಳನ್ನು ಭಾಗಿಸಿ ಉತ್ತರ ಕೊಡುವ ಕ್ರೇಮರ್ ಸೂತ್ರ ಬಂತು. ಪರೀಕ್ಷೆಗೆ ಚೆಂದ, ಕೆಲಸಕ್ಕೆ ದಂಡ: 10 ಅವ್ಯಕ್ತಗಳಿದ್ದರೆ (ಅಂದರೆ ಕಂಡುಹಿಡಿಯಬೇಕಾದ ಸಂಖ್ಯೆಗಳಿದ್ದರೆ) 11 ನಿರ್ಧಾರಕ ಬೇಕು, ಬಿಡಿಸಿ ಬರೆದರೆ ಒಂದೊಂದರಲ್ಲೂ 36,28,800 ಪದ. ಅದೇ ಲೆಕ್ಕ ಗೌಸ್ ಹೆಸರು ಹೊತ್ತ ಕಳೆಯುವ ಕ್ರಮದಲ್ಲಿ ಸುಮಾರು 430 ಗುಣಾಕಾರ-ಭಾಗಾಕಾರಗಳಲ್ಲಿ ಮುಗಿಯುತ್ತದೆ.

‘ಮ್ಯಾಟ್ರಿಕ್ಸ್’ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಗಣಿತಜ್ಞ ಸಿಲ್ವೆಸ್ಟರ್, 1850ರಲ್ಲಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಗರ್ಭ ಎಂಬ ಅರ್ಥವಿದೆ. ನಿರ್ಧಾರಕಗಳು ಹುಟ್ಟುವ ಒಡಲು ಎಂಬುದು ಅವನ ಕಲ್ಪನೆ. ಕನ್ನಡದ ‘ಮಾತೃಕೆ’ಯಲ್ಲೂ ತಾಯಿ ಉಳಿದಿದ್ದಾಳೆ. 1858ರಲ್ಲಿ ಅವನ ಗೆಳೆಯ ಕೇಲಿ ಇಡೀ ಕೋಷ್ಟಕವನ್ನೇ ಒಂದು ಸಂಖ್ಯೆಯಂತೆ ಕೂಡಿಸಿ, ಗುಣಿಸಿ ತೋರಿಸಿದ. ನನ್ನ ಲೆಕ್ಕದಲ್ಲಿ ಮಾತೃಕೆ ನಿಜವಾಗಿ ಹುಟ್ಟಿದ್ದು ಆಗಲೇ.

ಆ ಗುಣಾಕಾರದ ಬಲ ನೋಡಬೇಕಾದರೆ ಮಡಿಕೇರಿ, ಕುಶಾಲನಗರ, ಸಿದ್ದಾಪುರ, ವಿರಾಜಪೇಟೆಗಳನ್ನು ತೆಗೆದುಕೊಳ್ಳಿ. ಎರಡು ಊರುಗಳ ನಡುವೆ ನೇರ ರಸ್ತೆಗೆ 1, ಇಲ್ಲದಿದ್ದರೆ 0. ಕುಶಾಲನಗರ–ವಿರಾಜಪೇಟೆ ಮನೆಗೆ 0, ಉಳಿದ ಜೋಡಿಗಳಿಗೆಲ್ಲ 1 ಎಂದಿಟ್ಟುಕೊಳ್ಳಿ. ಊರು ತನಗೆ ತಾನೇ ಎದುರಾಗುವ ಓರೆ ಸಾಲಿನಲ್ಲಿ, ಅಂದರೆ ಕರ್ಣದಲ್ಲಿ, ಬರೀ 0. ಈ ಮಾತೃಕೆಯನ್ನು ಅದರಿಂದಲೇ ಗುಣಿಸಿದರೆ (ಅಡ್ಡಸಾಲಿನ ಅಂಕಿಗಳನ್ನು ಕಂಬಸಾಲಿನವುಗಳಿಂದ ಒಂದೊಂದಾಗಿ ಗುಣಿಸಿ ಕೂಡಿಸುವುದು) ಕುಶಾಲನಗರ–ವಿರಾಜಪೇಟೆಯ 0 ಇದ್ದ ಜಾಗದಲ್ಲಿ 2 ಬರುತ್ತದೆ: ಮಡಿಕೇರಿ ಮೇಲೊಂದು, ಸಿದ್ದಾಪುರದ ಮೇಲೊಂದು ದಾರಿ. ಮಡಿಕೇರಿಯ ಕರ್ಣದ ಮನೆಯಲ್ಲಿ 3 ಕಂಡರೆ ಗಾಬರಿ ಬೇಡ. ಅದು ಪಕ್ಕದ ಊರಿಗೆ ಹೋಗಿ ಹಾಗೇ ವಾಪಸ್ ಬರುವ ದಾರಿಗಳ ಎಣಿಕೆ.

ಎಡವುವುದು ಎರಡು ಬೇರೆ ಮಾತೃಕೆಗಳನ್ನು ಗುಣಿಸುವಾಗ. ಮೊದಲನೆಯದರ ಕಂಬಸಾಲುಗಳಷ್ಟೇ ಎರಡನೆಯದರ ಅಡ್ಡಸಾಲುಗಳಿರಬೇಕು. ಹಿಂದುಮುಂದು ಮಾಡಿದರೆ ಉತ್ತರವೂ ಸಾಮಾನ್ಯವಾಗಿ ಬೇರೆ. 1925ರಲ್ಲಿ ಭೌತವಿಜ್ಞಾನಿ ಹೈಸೆನ್‌ಬರ್ಗ್ ಪರಮಾಣುವಿಗೆಂದು ಕಟ್ಟಿದ ಕೋಷ್ಟಕಗಳೂ ಹೀಗೇ ಹಠ ಮಾಡಿದವು. ಇವು ಮಾತೃಕೆಗಳೇ ಎಂದು ಗುರುತಿಸಿದವನು ಮ್ಯಾಕ್ಸ್ ಬಾರ್ನ್.

ಮತ್ತೆ ಚೀಟಿಗೆ ಬರೋಣ. ನಮ್ಮ ಮಾತೃಕೆಯ ನಿರ್ಧಾರಕ 3×4−2×1, ಅಂದರೆ 10. ಎರಡನೇ ಚೀಟಿಯಲ್ಲಿ 6 ಮತ್ತು 4 ಚೀಲ ಇದ್ದಿದ್ದರೆ ಅದು 0. ಮೊದಲ ಚೀಟಿಯೇ ಎರಡು ಪಟ್ಟಾಗಿದೆ, ಹೊಸದೇನೂ ತಿಳಿಯದು. ಸೊನ್ನೆಯಾದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಮೋಸ ಮಾಡುವುದು ಸೊನ್ನೆಯ ಹತ್ತಿರ ನಿಂತದ್ದು. ಚೀಟಿಗಳು 10, 9 ಚೀಲಕ್ಕೆ 634 ಕಿಲೋ, 11, 10 ಚೀಲಕ್ಕೆ 700 ಕಿಲೋ ಎಂದಿರಲಿ. ಉತ್ತರ ಅದೇ 40, 26. ತಕ್ಕಡಿ ಒಂದೇ ಕಿಲೋ ತಪ್ಪಿ 701 ತೋರಿಸಿತೆನ್ನಿ: ಪಾರ್ಚ್‌ಮೆಂಟ್ 31ಕ್ಕೆ ಕುಸಿದು ಚೆರ್ರಿ 36ಕ್ಕೆ ಏರುತ್ತದೆ! ಮೊದಲಿನ ಚೀಟಿಗಳಲ್ಲಿ 144ರ ಬದಲು 145 ಬಂದಿದ್ದರೆ 39.8 ಮತ್ತು 26.3 ಬರುತ್ತಿತ್ತು, ಅಷ್ಟೆ. ಹಾಗಾಗಿ ಚೀಟಿ ಆರಿಸುವಾಗ ಒಂದರಲ್ಲಿ ಪಾರ್ಚ್‌ಮೆಂಟ್ ಹೆಚ್ಚು, ಇನ್ನೊಂದರಲ್ಲಿ ಚೆರ್ರಿ ಹೆಚ್ಚು ಇರುವಂಥವನ್ನೇ ಎತ್ತಿಕೊಳ್ಳಬೇಕು.