ಚಿಮಣಿ ದಾಟಿದ ಮೇಲೆ ಹುಟ್ಟುವ ಧೂಳು

ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮಾತು ಬಂದಾಗ ಪಡುಬಿದ್ರಿ, ಕಾಪು ಕಡೆಯಲ್ಲಿ ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕಿವಿಗೆ ಬೀಳುತ್ತವೆ. ಕಪ್ಪು ಹೊಗೆ ಕಾಣುವುದಿಲ್ಲವಾದ್ದರಿಂದ ಹೆದರಲು ಕಾರಣವಿಲ್ಲ ಎಂಬುದು ಒಂದು. ಸ್ಥಾವರ ಉಗುಳುವ ಕಾರ್ಬನ್ ಡೈಆಕ್ಸೈಡ್ ನಮ್ಮ ಶ್ವಾಸಕೋಶವನ್ನು ಹಾಳುಮಾಡುತ್ತಿದೆ ಎಂಬುದು ಇನ್ನೊಂದು. ಎರಡೂ ತಪ್ಪು. ನಾವು ಹೊರಬಿಡುವ ಉಸಿರಿನಲ್ಲೇ ಸುಮಾರು ಶೇ. 4ರಷ್ಟು ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಅದರ ನೂರರಲ್ಲೊಂದು ಪಾಲು. ಅದು ಭೂಮಿಯನ್ನು ಬಿಸಿ ಮಾಡುತ್ತದೆಯೇ ಹೊರತು ಕೆಮ್ಮು ತರಿಸುವುದಿಲ್ಲ. ಆದರೂ ವಿದ್ಯುತ್ ಉತ್ಪಾದನೆಯ ಇಂಗಾಲವನ್ನು ಕಡಿತಗೊಳಿಸಿದ ಹಲವು ಕಡೆಗಳಲ್ಲಿ ಜನರ ಆರೋಗ್ಯ ಸುಧಾರಿಸಿದೆ. ಅದಕ್ಕೆ ಕಾರಣ ಇಂಗಾಲದ ಜೊತೆಯಲ್ಲೇ ಹೊರಬೀಳುವ ಇತರ ವಸ್ತುಗಳು, ಅವುಗಳಲ್ಲೂ ಮುಖ್ಯವಾಗಿ ಗಂಧಕ.

ಕಲ್ಲಿದ್ದಲು ಉರಿದಾಗ ಏಳುವ ಹಾರುಬೂದಿಯಲ್ಲಿ ಶೇ. 99ಕ್ಕಿಂತ ಹೆಚ್ಚನ್ನು ಸ್ಥಾವರದೊಳಗಿನ, ವಿದ್ಯುದಾವೇಶದಿಂದ ಬೂದಿಯನ್ನು ಸೆಳೆಯುವ ಫಲಕಗಳು ಹಿಡಿದಿಡುತ್ತವೆ. ಗಂಧಕ ಮಾತ್ರ ಅನಿಲದ ರೂಪದಲ್ಲಿ ಹೊರಡುವುದರಿಂದ ಅದನ್ನು ಈ ಫಲಕಗಳಿಂದ ತಡೆಯ ಹೊರಡುವುದು ಕಡಲ ನೀರಿನ ಉಪ್ಪನ್ನು ಜರಡಿಯಲ್ಲಿ ಸೋಸಲು ಹೊರಟಂತೆ. ಒಂದು ಕಿಲೋ ಕಲ್ಲಿದ್ದಲಿನಲ್ಲಿ ಶೇ. ಅರ್ಧದಷ್ಟು, ಅಂದರೆ 5 ಗ್ರಾಂ ಗಂಧಕವಿದೆಯೆಂದು ಇಟ್ಟುಕೊಳ್ಳೋಣ. ಅದು ಉರಿದು 10 ಗ್ರಾಂ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಈ ಅನಿಲವು ಗಾಳಿ ಬೀಸಿದತ್ತ ಸಾಗುತ್ತ, ಬಿಸಿಲಿನಲ್ಲಿ ಹೈಡ್ರಾಕ್ಸಿಲ್ ಎಂಬ ಅಲ್ಪಾಯುವಿನ ರಾಸಾಯನಿಕದೊಡನೆ ನಿಧಾನವಾಗಿಯೂ ಮೋಡದ ಹನಿಗಳೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನೊಡನೆ ಬಹಳ ವೇಗವಾಗಿಯೂ ವರ್ತಿಸಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ದನದ ಹಟ್ಟಿಯಿಂದ, ಯೂರಿಯಾ ಹಾಕಿದ ಗದ್ದೆಗಳಿಂದ ಏಳುವ ಅಮೋನಿಯ ಆ ಆಮ್ಲದ ಜೊತೆ ಸೇರಿದಾಗ ಹುಟ್ಟುವುದು ಅಮೋನಿಯಂ ಸಲ್ಫೇಟ್; ಗೊಬ್ಬರದ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಅದೇ ಬಿಳಿ ಉಪ್ಪು. ಪೂರ್ತಿ ಪರಿವರ್ತನೆಯಾದರೆ 5 ಗ್ರಾಂ ಗಂಧಕದಿಂದ 20 ಗ್ರಾಂಗೂ ಮಿಕ್ಕಿ ಸೂಕ್ಷ್ಮಧೂಳು ಸಿದ್ಧವಾಗುತ್ತದೆ, ಅದೂ ಚಿಮಣಿಯಿಂದ ಹತ್ತಾರು, ನೂರಾರು ಕಿಲೋಮೀಟರ್ ಆಚೆಗೆ. ಚಿಮಣಿಯ ಬಾಯನ್ನು ನೋಡಿ ಶುದ್ಧವೋ ಅಶುದ್ಧವೋ ಎಂದು ತೀರ್ಮಾನಿಸುವುದು ವ್ಯರ್ಥ ಎನ್ನುವುದು ಇದಕ್ಕಾಗಿಯೇ.

ನಮ್ಮ ಕರಾವಳಿಯಲ್ಲಿ ಈ ಕಥೆಗೆ ಇನ್ನೊಂದು ಎಳೆಯಿದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 80 ದಾಟಿದೊಡನೆ ಅಮೋನಿಯಂ ಸಲ್ಫೇಟಿನ ಒಣಕಣ ನೀರು ಹೀರಿ ಹನಿಯಾಗಿ ಉಬ್ಬುತ್ತದೆ, ಉಬ್ಬಿದ ಹನಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಮಂಗಳೂರು, ಉಡುಪಿಯ ಮುಂಜಾನೆಗಳಲ್ಲಿ ಆ ಮಟ್ಟದ ತೇವ ಅಪರೂಪವೇನಲ್ಲ. ಮಂಜು ಎಂದು ನಾವು ಮೆಚ್ಚುವ ಬಿಳಿ ಮುಸುಕಿನಲ್ಲಿ ಇಂಥ ಕಣಗಳ ಪಾಲೂ ಇರಬಹುದು.

ಎತ್ತರದ ಚಿಮಣಿ ಎಲ್ಲವನ್ನೂ ದೂರ ಒಯ್ಯುತ್ತದೆ ಎಂಬ ಸಮಾಧಾನವೂ ಹಳೆಯದೇ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಕವಿದ ಕಲ್ಲಿದ್ದಲ ಹೊಗೆಯಿಂದ ಸತ್ತವರು ಸುಮಾರು 4000 ಎಂದು ಮೊದಲು ಲೆಕ್ಕ ಹಾಕಲಾಗಿತ್ತು. ನಂತರದ ಅಧ್ಯಯನಗಳು ಅದನ್ನು 12,000ದವರೆಗೆ ಏರಿಸಿದವು. 1956ರ ಶುದ್ಧ ಗಾಳಿ ಕಾಯಿದೆಯ ನಂತರ ಬ್ರಿಟನ್ನಿನ ಸ್ಥಾವರಗಳ ಚಿಮಣಿಗಳು ಎತ್ತರವಾದವು, ಲಂಡನ್ನಿನ ಗಾಳಿ ತಿಳಿಯಾಯಿತು. ಆದರೆ 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಓಡೆನ್, ತಮ್ಮ ನಾಡಿನ ಸರೋವರಗಳನ್ನು ಹುಳಿಯಾಗಿಸುತ್ತಿರುವ ಮಳೆಯ ಗಂಧಕವು ಬ್ರಿಟನ್ ಮತ್ತು ಮಧ್ಯ ಯುರೋಪಿನಿಂದ ಬರುತ್ತಿದೆ ಎಂದು ತೋರಿಸಿದರು.

ಈ ಸಲ್ಫೇಟ್ ಕಣಗಳ ವ್ಯಾಸ ಬಹುಮಟ್ಟಿಗೆ ಒಂದು ಮೈಕ್ರೋಮೀಟರಿಗಿಂತ ಕಡಿಮೆ, ತಲೆಗೂದಲಿನ ದಪ್ಪದ ಐವತ್ತರಲ್ಲೊಂದು ಪಾಲಿಗಿಂತಲೂ ಸಣ್ಣದು. ಹಾಗಾಗಿ ಮೂಗಿನ ಕೂದಲು, ಗಂಟಲಿನ ಕಫವನ್ನೆಲ್ಲ ದಾಟಿ ಅವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಹುಟ್ಟುವ ಉರಿಯೂತ ರಕ್ತನಾಳಗಳಿಗೂ ವ್ಯಾಪಿಸುವುದರಿಂದ ಸೂಕ್ಷ್ಮಧೂಳು ಆಸ್ತಮಾದಷ್ಟೇ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ. ಧೂಳಿನಲ್ಲಿ ದುಡಿಯುವವರು ಬೆಲ್ಲ ತಿಂದರೆ ಸಾಕು ಎಂಬ ನಂಬಿಕೆ ಇಂದಿಗೂ ಜೀವಂತವಾಗಿದೆ; ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಪುಪ್ಪುಸಕ್ಕೆ. ಹೋಮದ ಹೊಗೆ ಗಾಳಿಯನ್ನು ಶುದ್ಧಗೊಳಿಸುತ್ತದೆ ಎನ್ನುವವರಿಗೂ ಇದೇ ಮಾತು: ಹೊಗೆ ಯಾವ ಕುಂಡದಿಂದ ಎದ್ದರೂ ಹೊಗೆಯೇ. ಬಚ್ಚಲ ಹಂಡೆಯ ಕೆಳಗೆ ಉರಿಯುವ ತೆಂಗಿನ ಸಿಪ್ಪೆಯೂ ಈ ಲೆಕ್ಕದಿಂದ ಹೊರತಲ್ಲ.

2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಹಿರಿಯ ನಾಗರಿಕರ ಎರಡು ದಶಕಗಳ ದಾಖಲೆಗಳನ್ನು ಪರಿಶೀಲಿಸಿ, ಕಲ್ಲಿದ್ದಲು ಸ್ಥಾವರಗಳ ಸೂಕ್ಷ್ಮಧೂಳಿಗೆ ಸಾವಿನೊಡನೆ ಇರುವ ನಂಟು ಸಾಮಾನ್ಯ ಸೂಕ್ಷ್ಮಧೂಳಿಗಿಂತ 2.1 ಪಟ್ಟು ಬಲವಾದುದೆಂದು ಕಂಡುಕೊಂಡಿತು. ಅದರ ಪ್ರಕಾರ 1999ರಿಂದ 2007ರವರೆಗೆ ಸರಾಸರಿ 43,000ಕ್ಕೂ ಹೆಚ್ಚಿದ್ದ ಇಂಥ ವಾರ್ಷಿಕ ಸಾವುಗಳು 2020ರ ವೇಳೆಗೆ 1600ಕ್ಕೆ ಇಳಿದಿದ್ದವು. ಚೀನಾದ ಟಾಂಗ್‌ಲಿಯಾಂಗ್‌ನಲ್ಲಿ ನಡೆದದ್ದು ಇನ್ನೂ ಸ್ಪಷ್ಟವಾದ ಉದಾಹರಣೆ. ಅಲ್ಲಿನ ಕಲ್ಲಿದ್ದಲು ಸ್ಥಾವರವನ್ನು 2004ರಲ್ಲಿ ಮುಚ್ಚಲಾಯಿತು. 2002ರಲ್ಲಿ ಹುಟ್ಟಿದ ಮಕ್ಕಳಿಗೆ ಹೋಲಿಸಿದರೆ 2005ರಲ್ಲಿ ಹುಟ್ಟಿದವರ ಹೊಕ್ಕುಳಬಳ್ಳಿಯ ರಕ್ತದಲ್ಲಿ, ಹೊಗೆಯ ರಾಸಾಯನಿಕಗಳು ಡಿಎನ್‌ಎಗೆ ಅಂಟಿಕೊಂಡ ಗುರುತುಗಳು ಕಡಿಮೆಯಾಗಿದ್ದವು. ಇಂಗಾಲ ಕಡಿತದಿಂದ ಹವಾಮಾನ ತಹಬಂದಿಗೆ ಬರಲು ದಶಕಗಳು ಬೇಕು. ಆರೋಗ್ಯದ ಫಲ ಸಿಗಲು ಒಂದು ಬಸಿರಿನ ಅವಧಿ ಸಾಕಾಯಿತು.

ಉರಿಸುವುದನ್ನು ನಿಲ್ಲಿಸದೆಯೇ ಗಂಧಕವನ್ನು ಮಾತ್ರ ತೆಗೆಯಬಹುದಲ್ಲ ಎಂದರೆ, ಖಂಡಿತ ಬಹುದು. ಎಫ್‌ಜಿಡಿ ಎಂಬ ಘಟಕದಲ್ಲಿ ಹೊಗೆಯ ಮೇಲೆ ಸುಣ್ಣಕಲ್ಲಿನ ನೀರನ್ನು ಸಿಂಪಡಿಸಿದರೆ ಗಂಧಕವು ಜಿಪ್ಸಂ ಆಗಿ ಕೆಳಗುಳಿಯುತ್ತದೆ; ದೇಶದ ಬಹುಪಾಲು ಸ್ಥಾವರಗಳಲ್ಲಿ ಇಲ್ಲದ ಈ ಘಟಕ ಎಲ್ಲೂರಿನಲ್ಲಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಸುಣ್ಣಕಲ್ಲು ಹಿಡಿಯುವ ಪ್ರತಿ ಸಲ್ಫರ್ ಡೈಆಕ್ಸೈಡ್ ಅಣುವಿಗೆ ಒಂದು ಕಾರ್ಬನ್ ಡೈಆಕ್ಸೈಡ್ ಅಣುವನ್ನು ಬಿಟ್ಟುಕೊಡುತ್ತದೆ, ಘಟಕವನ್ನು ನಡೆಸಲು ಸ್ಥಾವರದ್ದೇ ಒಂದಿಷ್ಟು ವಿದ್ಯುತ್ತೂ ಬೇಕು. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಗೊತ್ತುಪಡಿಸಿದ ಗಂಧಕದ ಮಿತಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಎಫ್‌ಜಿಡಿಯಿಂದ ಇಂಗಾಲ ಹೆಚ್ಚುತ್ತದೆ ಎಂಬ ಮಾತೂ ಆ ಚರ್ಚೆಯಲ್ಲಿ ಕೇಳಿಬಂದಿತ್ತು. ಒಟ್ಟು ಇಂಗಾಲದ ಮುಂದೆ ಆ ಹೆಚ್ಚಳ ತೀರಾ ಚಿಕ್ಕದು, ನನ್ನ ದೃಷ್ಟಿಯಲ್ಲಿ ಅದೊಂದು ನೆಪ. ಏನೇ ಇರಲಿ, ಗಂಧಕ, ಸಾರಜನಕದ ಆಕ್ಸೈಡುಗಳು, ಪಾದರಸ, ಬೂದಿ, ಇಂಗಾಲ ಇವೆಲ್ಲವೂ ಒಟ್ಟಿಗೆ ಇಳಿಯುವುದು ಕಲ್ಲಿದ್ದಲನ್ನು ಉರಿಸದಿದ್ದಾಗ ಮಾತ್ರ.

ಎಷ್ಟು ಉರಿಸುತ್ತೇವೆ ಎಂಬುದರಷ್ಟೇ ಯಾವಾಗ ಉರಿಸುತ್ತೇವೆ ಎಂಬುದೂ ಇಲ್ಲಿ ಮುಖ್ಯ. ಒಂದು ಟನ್ ಇಂಗಾಲ ಆಟಿಯ ಮಳೆಯಲ್ಲಿ ಹೊರಬಿದ್ದರೂ ಸುಗ್ಗಿಯ ಬಿಸಿಲಿನಲ್ಲಿ ಹೊರಬಿದ್ದರೂ ಭೂಮಿಗೆ ಒಂದೇ, ದೇಹಕ್ಕೆ ಹಾಗಲ್ಲ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯ ಸೂಕ್ಷ್ಮಧೂಳನ್ನು ಮಳೆಯೇ ತೊಳೆದುಬಿಡುತ್ತದೆ, ಆಗಲೇ ಜಲವಿದ್ಯುತ್ತೂ ಗಾಳಿಯಂತ್ರಗಳ ವಿದ್ಯುತ್ತೂ ಹೆಚ್ಚಿ ರಾಜ್ಯದ ಕಲ್ಲಿದ್ದಲು ಘಟಕಗಳ ಕೆಲಸ ಕಡಿಮೆಯಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದು ತಲೆಕೆಳಗಾಗುತ್ತದೆ: ಬೇಡಿಕೆ ಏರಿ ಬಾಯ್ಲರುಗಳು ಹಗಲಿರುಳು ಉರಿಯುತ್ತವೆ, ತೊಳೆಯಲು ಮಳೆಯಿಲ್ಲದೆ ಸಲ್ಫೇಟ್ ಕಣಗಳು ದಿನಗಟ್ಟಲೆ ತೇಲುತ್ತವೆ. ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನಕ್ಕೆ ಬಿಸಿಲು ಚೆನ್ನಾಗಿ ಸಿಗುವುದೂ ಇದೇ ತಿಂಗಳುಗಳಲ್ಲಿ. ಆ ಹಗಲುಗಳ ಸೌರವಿದ್ಯುತ್ತನ್ನು ಸಂಜೆಗೆ ಕೂಡಿಟ್ಟು, ಎಫ್‌ಜಿಡಿ ಇಲ್ಲದ ಘಟಕಗಳನ್ನು ಮೊದಲು ತಗ್ಗಿಸಿದರೆ, ಉಳಿತಾಯವಾಗುವ ಇಂಗಾಲ ಅಷ್ಟೇ ಆದರೂ ಆರೋಗ್ಯಕ್ಕೆ ಸಿಗುವ ಲಾಭ ಮಳೆಗಾಲದ್ದಕ್ಕಿಂತ ಹೆಚ್ಚು.