ಎಲ್ಲದಕ್ಕೂ ಸಾಗುವಾನಿಯೇ ಬೇಕಾ? ಮಲೆನಾಡಿನ ಮನೆ, ಮರ ಮತ್ತು ಮಳೆ

ಮಲೆನಾಡಿನಲ್ಲಿ ಮಳೆ ಹಿಡಿದುಕೊಂಡ ಮೇಲೆ ಬಾಗಿಲು ಹಾಕಬೇಕೆಂದರೆ ಭುಜ ಕೊಟ್ಟು ನೂಕಬೇಕು. ಅದೇ ಬಾಗಿಲು ಶಿವರಾತ್ರಿ ಹೊತ್ತಿಗೆ ಒಂದೇ ಬೆರಳಿಗೆ ಮುಚ್ಚಿಕೊಳ್ಳುತ್ತದೆ, ಸಂದಿಯಲ್ಲಿ ಬೆಳಕೂ ಕಾಣುತ್ತದೆ. ಬೈಗುಳ ಮಾತ್ರ ಎರಡೂ ಸಲ ಮರಗೆಲಸದ ಆಚಾರ್ರಿಗೆ. ಪಾಪ, ಎಷ್ಟೋ ಸಲ ಅವರ ತಪ್ಪೇನೂ ಇರುವುದಿಲ್ಲ. ಕಡಿದು, ಕೊಯ್ದು, ಕೀಸಿದ ಮೇಲೂ ಮರ ನೀರು ಕುಡಿಯುವುದನ್ನು ಬಿಡುವುದಿಲ್ಲ.

ಒಳ್ಳೆ ಮರ ಯಾವುದು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಸಾಗುವಾನಿ ಅನ್ನುತ್ತಾರೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕು. ಆ ಮರ ಮನೆಯ ಯಾವ ಜಾಗಕ್ಕೆ ಹೋಗುತ್ತದೆ? ಅಲ್ಲಿಗೆ ನೀರು ಎಷ್ಟು ತಾಗುತ್ತದೆ? ಹಳೆಯ ಮನೆ ಕಟ್ಟಿದವರು ಇದನ್ನೇ ನೋಡಿ ಒಂದೇ ಮನೆಗೆ ಏಳೆಂಟು ಜಾತಿಯ ಮರ ಹಾಕುತ್ತಿದ್ದರು.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದಿಷ್ಟು ಸಣ್ಣ ಸಣ್ಣ ನಾಳಗಳ ಟೊಳ್ಳಿನಲ್ಲಿ, ಇನ್ನೊಂದಿಷ್ಟು ಆ ನಾಳಗಳ ಗೋಡೆಯೊಳಗೆ. ದಿಮ್ಮಿ ಒಣಗುವಾಗ ಮೊದಲು ಖಾಲಿಯಾಗುವುದು ಟೊಳ್ಳಿನ ನೀರು. ಆಗ ತೂಕ ಇಳಿಯುತ್ತದೆ, ಅಳತೆ ಹಾಗೇ ಇರುತ್ತದೆ. ಒಣಮರದ ತೂಕಕ್ಕೆ ಹೋಲಿಸಿದರೆ ತೇವ ಶೇಕಡಾ 30ರ ಆಸುಪಾಸಿಗೆ ಬಂದಾಗ ಗೋಡೆಯ ನೀರು ಹೊರಡುತ್ತದೆ. ಮರ ಕುಗ್ಗಲು ಶುರುವಾಗುವುದು ಅಲ್ಲಿಂದ.

ಎಷ್ಟು ಒಣಗುತ್ತದೆ ಎನ್ನುವುದು ಗಾಳಿಯ ಕೈಯಲ್ಲಿದೆ. ಜಡಿಮಳೆಯ ದಿನಗಳಲ್ಲಿ ಗಾಳಿಯ ತೇವಾಂಶ ಶೇಕಡಾ 90 ಇದ್ದರೆ, ಮರದ ತೇವ 20ರ ಹತ್ತಿರ ನಿಲ್ಲುತ್ತದೆ. ಬೇಸಿಗೆಯಲ್ಲಿ ಗಾಳಿ ಒಣಗಿ 40ಕ್ಕೆ ಇಳಿದರೆ ಮರ 8ರವರೆಗೂ ಇಳಿಯುತ್ತದೆ. ಈ ಏರಿಳಿತಕ್ಕೆ ಸಾಗುವಾನಿಯ ಒಂದು ಅಡಿ ಅಗಲದ ಹಲಗೆ ಸುಮಾರು 6 ಮಿಲಿಮೀಟರ್ ಹಿಗ್ಗಿ ಕುಗ್ಗಬಹುದು. ಸಾಗುವಾನಿ ಕಡಿಮೆ ಕುಗ್ಗುವ ಮರ ಅನ್ನುವುದು ನೆನಪಿರಲಿ! ಹಲಗೆಗಳನ್ನು ಅಂಟಿಸಿ ಮೂರಡಿ ಅಗಲದ ಇಡೀ ಬಾಗಿಲು ಮಾಡಿದರೆ ಲೆಕ್ಕ ಮುಕ್ಕಾಲು ಇಂಚಿನ ಹತ್ತಿರ ಹೋಗುತ್ತದೆ. ಬಣ್ಣ, ಪಾಲಿಷ್ ಹೊಡೆದರೆ ಈ ಆಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಮಜಾ ಏನೆಂದರೆ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲದಷ್ಟು. ನಡುವಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ, ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳ ಸುತ್ತಳತೆಗೆ ಸುಮಾರು ಎರಡು ಪಾಲು. ದುಂಡು ದಿಮ್ಮಿ ಒಣಗುವಾಗ ನಡುವಿನವರೆಗೆ ಸೀಳು ಬಿಡುವುದು ಇದೇ ಕಾರಣಕ್ಕೆ. ಹಲಗೆಯ ತುದಿಯನ್ನು ಹತ್ತಿರದಿಂದ ನೋಡಿ. ಬಳೆಗಳು ಬಿಲ್ಲಿನ ಹಾಗೆ ಬಾಗಿ ಮಲಗಿದ್ದರೆ ಆ ಹಲಗೆ ಒಂದಲ್ಲ ಒಂದು ದಿನ ಡೊಂಕಾಗುತ್ತದೆ, ಬಿಲ್ಲನ್ನು ನೆಟ್ಟಗೆ ಮಾಡುವ ದಿಕ್ಕಿಗೇ. ಬಳೆಗಳು ನೆಟ್ಟಗೆ ನಿಂತ ಗೆರೆಗಳಾಗಿದ್ದರೆ ಅದು ಮರ್ಯಾದಸ್ಥ ಹಲಗೆ, ಹಾಕಿದ ಕಡೆ ಇರುತ್ತದೆ. ಅಂಥದ್ದು ಒಂದು ದಿಮ್ಮಿಯಲ್ಲಿ ಸಿಗುವುದೇ ನಾಲ್ಕಾರು. ಹಳೆಯ ಆಚಾರ್ರು ಬಾಗಿಲಿಗೆ ಚೌಕಟ್ಟು ಮಾಡಿ, ಅದರಲ್ಲಿ ಉದ್ದಕ್ಕೆ ತೋಡಿದ ಕಾಡಿಯೊಳಗೆ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಒಳಗೇ ಹಿಗ್ಗಿ ಕುಗ್ಗಿಕೊಂಡಿರುತ್ತದೆ, ಬಾಗಿಲಿನ ಅಳತೆ ಕೆಡುವುದಿಲ್ಲ. ನನ್ನ ಕೇಳಿದರೆ, ನಮ್ಮ ಮನೆಗಳಲ್ಲಿರುವ ಅತಿ ಜಾಣ ಯಂತ್ರ ಇದು.

ಹಸಿ ಮರ ಕೊಯ್ಸಿ ತಂದು ಮುಂದಿನ ತಿಂಗಳೇ ಗೃಹಪ್ರವೇಶ ಅಂದರೆ ಯಾವ ಆಚಾರ್ರೂ ಒಪ್ಪಬಾರದು. "ಒಂದು ಮಳೆಗಾಲ ಕಳೀಲಿ ಮಾರಾಯ್ರೆ, ಆಮೇಲೆ ಉಳಿ ಹಿಡಿಯೋಣ" ಅನ್ನುವವರ ಮಾತು ಕೇಳಬೇಕು. ನೆರಳಿನಲ್ಲಿ, ಹಲಗೆಗಳ ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಪೇರಿಸಿಟ್ಟರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ತುದಿಗಳಿಗೆ ಬಣ್ಣ ಬಳಿಯುವುದು ಚಂದಕ್ಕಲ್ಲ. ನೀರು ಹಲಗೆಯ ಮೈಯಿಂದ ಹೋಗುವುದಕ್ಕಿಂತ ತುದಿಯಿಂದ ಬಹಳ ಬೇಗ ಹೋಗುತ್ತದೆ. ತುದಿ ಮೊದಲು ಒಣಗಿದರೆ ಅಲ್ಲೇ ಬಿರುಕು ಬೀಳುತ್ತದೆ.

ಇನ್ನು ಕೊಳೆಯುವ ವಿಚಾರ. ಮರ ಕೊಳೆಸುವ ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ತೇವ 20ಕ್ಕಿಂತ ಕೆಳಗಿದ್ದರೆ ಅದು ಏಳುವುದಿಲ್ಲ. ಪೂರ್ತಿ ನೀರಿನಲ್ಲೇ ಮುಳುಗಿದ್ದರೂ ಏಳುವುದಿಲ್ಲ, ಗಾಳಿ ಸಿಗುವುದಿಲ್ಲವಲ್ಲ! ಬಾವಿಯ ತಳಕ್ಕೆ ಹಾಕಿದ ನೆಲ್ಲಿ, ನೇರಳೆ ಮರ ತಲೆಮಾರುಗಟ್ಟಲೆ ಉಳಿಯುವುದು ಹೀಗೆ. ಎರಡೂ ಸಿಗುವ ಜಾಗ ಯಾವುದೆಂದರೆ ಮಣ್ಣು ಮತ್ತು ಗಾಳಿ ಕೂಡುವ ಗೆರೆ. ಬೇಲಿ ಗೂಟ ಕಿತ್ತು ನೋಡಿದರೆ ಕೆಳಗಿನ ತುದಿ ಗಟ್ಟಿ, ಮೇಲೂ ಗಟ್ಟಿ, ನೆಲದ ಮಟ್ಟದಲ್ಲಿ ಮಾತ್ರ ಕೊಳೆತು ಲಡ್ಡು. ಅದಕ್ಕೇ ಜಗುಲಿಯ ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದದ್ದು.

ಬೂಷ್ಟು, ಒರಲೆ, ಕುಟ್ಟೆ ಹುಳ ಮೂರಕ್ಕೂ ಮೊದಲು ರುಚಿಸುವುದು ದಿಮ್ಮಿಯ ಹೊರಸುತ್ತಿನ ಬಿಳಿ ಭಾಗ. ಮರ ಬದುಕಿದ್ದಾಗ ನೀರು ಸಾಗಿಸುವುದು, ಪಿಷ್ಟ ಕೂಡಿಡುವುದು ಅಲ್ಲೇ. ಹಲಗೆಯಿಂದ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹುಳ ಆ ಪಿಷ್ಟಕ್ಕೇ ಬಂದಿದೆ ಅಂತ ಅರ್ಥ. ಬಿದಿರನ್ನು ಹಳ್ಳದಲ್ಲಿ ನೆನೆಹಾಕುವುದು ಈ ಪಿಷ್ಟ, ಸಕ್ಕರೆ ತೊಳೆದುಹೋಗಲಿ ಅಂತಲೇ. ವಯಸ್ಸಾದ ಹಾಗೆ ನಡುವಿನ ಭಾಗ ಸಾಯುತ್ತದೆ, ಮರ ಅಲ್ಲಿ ಕಹಿ, ವಿಷ, ಎಣ್ಣೆ, ಬಣ್ಣಗಳನ್ನು ತುಂಬುತ್ತದೆ. ಅದೇ ಚೇಗು. ಸಾಗುವಾನಿಯ ಹೆಸರು ನಿಂತಿರುವುದು ಈ ಚೇಗಿನ ಮೇಲೆ. ಟೆಕ್ಟೋಕ್ವಿನೋನ್ ಎಂಬ ವಸ್ತು ಒರಲೆಗೆ ಆಗಿಬರುವುದಿಲ್ಲ. ರಬ್ಬರಿನಂಥ ಅಂಶ ನೀರನ್ನು ದೂರ ಇಡುತ್ತದೆ. ಜೊತೆಗೆ ಮರಳಿನಲ್ಲಿರುವ ಸಿಲಿಕಾವೂ ಸ್ವಲ್ಪ ಇರುವುದರಿಂದ ಕೀಸುಳಿಯ ಬಾಯಿ ಬೇಗ ಮೊಂಡಾಗುತ್ತದೆ.

ತೋಟದ ಬದುವಿನಲ್ಲಿ ಹತ್ತು ಹದಿನೈದು ವರ್ಷ ಬೆಳೆದ ಸಾಗುವಾನಿಯಲ್ಲಿ ಈ ಚೇಗು ಎಷ್ಟಿರುತ್ತದೆ? ತೆಳ್ಳಗೆ, ನಡುವಿನಲ್ಲಿ ಒಂದಿಷ್ಟು. ಉಳಿದದ್ದೆಲ್ಲ ಬಿಳಿ. ಅದಕ್ಕೂ ಸಾಗುವಾನಿಯ ರೇಟೇ ಕೊಟ್ಟು, ಕಂದು ಪಾಲಿಷ್ ಹೊಡೆಸಿ ನೆಮ್ಮದಿಯಾಗಿರುತ್ತೇವೆ. ಅದಕ್ಕಿಂತ ಹಿತ್ತಿಲಿನ ಮುದಿ ಹಲಸು ಎಷ್ಟೋ ವಾಸಿ.

ಹಲಸಿನ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಕೊಯ್ದ ಕೂಡಲೇ ಅರಿಸಿನದ ಹಳದಿ, ಬೆಳಕು ಬಿದ್ದು ಬಿದ್ದು ವರ್ಷಗಳಲ್ಲಿ ಕೆಂಗಂದು. ಹಳದಿಗೆ ಕಾರಣ ಮೋರಿನ್ ಎಂಬ ಬಣ್ಣ. ಬರ್ಮಾ ಕಡೆಯ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ಚೆಕ್ಕೆ ಬಳಸುತ್ತಿದ್ದರು. ಹಲಸಿನ ಚೇಗಿಗೆ ಒರಲೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಉಳಿಗೆ ಹಿತ. ವೀಣೆ, ಮೃದಂಗಕ್ಕೂ ಇದೇ ಮರ. ಬಾಗಿಲು, ದೇವರ ಮಂಟಪ, ಕಂಬ, ಎಲ್ಲಿಗೂ ಸೈ.

ಹೊನ್ನೆಯೂ ಬಾಳಿಕೆಯ ಮರವೇ. ತೊಗಟೆಗೆ ಕತ್ತಿ ತಾಗಿದರೆ ರಕ್ತದಂಥ ಕೆಂಪು ಅಂಟು ಬರುತ್ತದೆ. ಇದರ ಲೋಟದಲ್ಲಿ ನೀರಿಟ್ಟರೆ ನೀರಿಗೇ ಬಣ್ಣ ಬರುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಆ ನೀರು ಕುಡಿಯುವವರಿದ್ದಾರೆ. ಡಾಕ್ಟರ ಮಾತ್ರೆ ಬಿಟ್ಟು ಅದನ್ನೇ ನಂಬುವುದು ಬೇಡ. ದಾರಂದಕ್ಕೆ, ಅಂದರೆ ಗೋಡೆಗೆ ಕೂರಿಸುವ ಬಾಗಿಲ ಚೌಕಟ್ಟಿಗೆ, ಹಾಕುವವರು ಮಾತ್ರ ಇದೇ ಬಣ್ಣದ ಬಗ್ಗೆ ಎಚ್ಚರವಾಗಿರಬೇಕು. ಸರಿಯಾಗಿ ಒಣಗದ ಹೊನ್ನೆ ಮಳೆ ತಾಗಿದರೆ ಹೊಸ ಸುಣ್ಣದ ಗೋಡೆಯ ಮೇಲೆ ಹಳದಿ ಇಳಿಸುತ್ತದೆ.

ಮೊಸಳೆ ಚರ್ಮದ ಹಾಗೆ ತೊಗಟೆ ಒಡೆದ ಮತ್ತಿ ಮರ ಭಾರ ಹೊರಲು ಹೇಳಿಮಾಡಿಸಿದ್ದು. ಆದರೆ ಒಣಗುವಾಗ ಹಟಮಾರಿ, ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಆದ್ದರಿಂದ ಹೆಂಚಿನ ಕೆಳಗೆ ತೊಲೆಯಾಗಿ ಚೆನ್ನ, ಕಿಟಕಿ ರೆಕ್ಕೆಯಾಗಿ ಬೇಡ. ನಂದಿಯೂ ತೊಲೆಗೆ, ಮಾಡಿನ ಇಳಿಜಾರಿಗೆ ಹಾಕುವ ಪಕಾಸಿಗೆ ಆಗುತ್ತದೆ. ಜಂಬೆ ಇನ್ನೂ ಗಟ್ಟಿ, ರೈಲು ಹಳಿಯ ಕೆಳಗೆ ಹಾಸುತ್ತಿದ್ದ ಮರ. ಮೊಳೆ ಹೊಡೆಯಬೇಕಾದರೆ ಮೊದಲು ತೂತು ಕೊರೆದುಕೊಳ್ಳಿ.

ತೂಕ ನೋಡಿದರೂ ಅಂದಾಜಾಗುತ್ತದೆ. ಒಣಗಿದ ಸಾಗುವಾನಿ ಒಂದು ಘನ ಅಡಿಗೆ ಸುಮಾರು 18 ಕಿಲೋ, ಬೀಟೆ 24ರ ಹತ್ತಿರ, ಶಿವನೆ 14ರ ಆಸುಪಾಸು. ಶಿವನೆ ಹಗುರ, ಕುಗ್ಗುವುದೂ ತೀರಾ ಕಮ್ಮಿ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದ ಜೊತೆಗೆ ಶಿವನೆಯನ್ನೂ ಕೆತ್ತುವುದು ಸುಮ್ನೆ ಅಲ್ಲ. ಬೀಟೆಯ ಕಪ್ಪು ನೇರಳೆ ಗೆರೆಗೆ ಸಾಟಿಯಿಲ್ಲ, ನಿಜ. ಆದರೆ ಮರವೇ ಅಪರೂಪವಾಗಿದೆ. 2017ರಿಂದ ಬೀಟೆಯ ಇಡೀ ಕುಲ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ನಮ್ಮದೇ ಜಾಗದ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಅಡಿಕೆಯದು ಬೇರೆಯೇ ಲೋಕ. ಅದು ತಾಳೆಯ ಬಳಗ, ಅದರಲ್ಲಿ ವರ್ಷದ ಬಳೆಗಳೇ ಇಲ್ಲ. ಗಟ್ಟಿ ನಾರಿನ ಎಳೆಗಳು ಹೊರಸುತ್ತಿನಲ್ಲಿ ದಟ್ಟ, ಒಳಗೆ ಮೆತ್ತನೆಯ ತಿರುಳು. ಉಳಿದ ಮರಗಳಲ್ಲಿ ಹೊರಭಾಗ ತೆಗೆದು ಚೇಗು ಇಟ್ಟುಕೊಂಡರೆ, ಇಲ್ಲಿ ತಿರುಳು ಕೆರೆದು ಹೊರಭಾಗ ಇಟ್ಟುಕೊಳ್ಳಬೇಕು. ಸೀಳಿದರೆ ಉದ್ದ ಪಟ್ಟಿಯಂಥ ದಬ್ಬೆ, ತಿರುಳು ತೆಗೆದರೆ ನೀರು ಹರಿಸುವ ದಂಬೆ. ಗಾಳಿಗೆ ಅಷ್ಟೆತ್ತರದ ಮರ ತೊನೆದಾಡಿದರೂ ಸುಲಭಕ್ಕೆ ಮುರಿಯದಿರುವುದು ಈ ರಚನೆಯಿಂದ.

ಈಗ ಸಾಮಿಲ್ಲಿನಲ್ಲಿ ಜಾಸ್ತಿ ಕಾಣುವುದು ಅಕೇಶಿಯಾ ಮತ್ತು ಸಿಲ್ವರ್ ಓಕ್. ಎರಡೂ ಆಸ್ಟ್ರೇಲಿಯಾ ಕಡೆಯವು. ಅಕೇಶಿಯಾ ನೆಡುತೋಪಿನ ಬಗ್ಗೆ ಮಲೆನಾಡಿಗರಿಗೆ ಸಿಟ್ಟಿದೆ, ಅದು ನ್ಯಾಯವೇ. ಮರದ ಮೇಲೆ ಸಿಟ್ಟು ಬೇಡ. ಚೇಗು ಗಟ್ಟಿ, ಬಣ್ಣ ಚಂದ. ತಾಳ್ಮೆಯಿಂದ ನೆರಳಲ್ಲಿ ಒಣಗಿಸಿದರೆ ಮಂಚ, ಮೇಜಿಗೆ ಧಾರಾಳ ಸಾಕು. ಸಿಲ್ವರ್ ಓಕ್ ನೋಡಲು ಲಕ್ಷಣ, ಆದರೆ ಬಾಳಿಕೆ ಒಳಗಿದ್ದರಷ್ಟೇ. ಕಪಾಟಿಗೆ ಹಾಕಿ, ಮಳೆ ಎರಚುವ ಕಿಟಕಿಗೆ ಬೇಡ. ಕೊಳ್ಳುವಾಗ ಯಾವ ಮರವಾದರೂ ಸರಿ, ಬಣ್ಣ ಬಳಿಯುವ ಮುಂಚೆಯೇ ಹೋಗಿ ತುದಿ ನೋಡಿ. ಬಿಳಿ ಎಷ್ಟು, ಚೇಗು ಎಷ್ಟು, ಬಳೆ ಮಲಗಿದೆಯೋ ನಿಂತಿದೆಯೋ ಎಲ್ಲ ಅಲ್ಲೇ ಕಾಣುತ್ತದೆ. ದಾರಂದದ ಕೆಳತುದಿ ನೆಲಕ್ಕೆ ತಾಗುವಂತಿದ್ದರೆ ಅಷ್ಟು ಭಾಗಕ್ಕಾದರೂ ಬಿಳಿಯಿಲ್ಲದ ತುಂಡು ಆರಿಸಲು ಆಚಾರ್ರಿಗೆ ಹೇಳಿ.